ಹುಣಸೂರಿನ ಹಾರ್ನಿಗೆ ತಮಟೆ ಬಂದದ್ದು

ಬಾಯಲ್ಲಿ ಇಕ್ಕಳ ಕಚ್ಚಿಕೊಂಡು, ಎಡಗೈಯಲ್ಲಿ ಮೈಕಿನ ಹಾರ್ನು ತಬ್ಬಿಕೊಂಡು, ಬಲಗೈಯಲ್ಲಿ ಕೊಂಬೆ ಹಿಡಿದು ಬಸ್ ಸ್ಟ್ಯಾಂಡಿನ ಮರದ ಮೇಲೆ ಕೂತಿದ್ದೆ. ಕೆಳಗೆ ಮಡಿಕೇರಿ ಬಸ್ಸು ಬಂದು ನಿಂತಿತು. ಕಂಡಕ್ಟರು ತಲೆ ಎತ್ತಿ ನೋಡಿದ.

"ಲೇ ರೇಡಿಯೋ, ಬಿದ್ರೆ ಆಕಡೆ ಬೀಳ್ಲಾ! ನಮ್ ಟಾಪ್ ಮ್ಯಾಲೆ ಕೋಳಿ ಪಂಜರ ಅದೆ."

ಇಕ್ಕಳ ಇದ್ದದ್ದರಿಂದ ಬಯ್ಯಲಾಗಲಿಲ್ಲ. ಹಾರ್ನು ಎರಡು ದಿನದಿಂದ ಸತ್ತಿತ್ತು. ತಂತಿಯ ಜೋಡಣೆಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಬೆಸುಗೆ ಹಾಕದೆ ಬರೀ ತಿರುಚಿ ಬಟ್ಟೆ ಟೇಪು ಸುತ್ತಿದ್ದೆ, ಮಳೆ ನೀರು ಒಳಗೆ ಹೋಗಿತ್ತು. ಮರದ ಮೇಲೆ ಬೆಸುಗೆ ಆಗುವುದಿಲ್ಲ, ಕೆಂಡದಲ್ಲಿ ಕಾಯಿಸಿದ ಕಬ್ಬಿಣ ಮೇಲೆ ಹೋಗುವಷ್ಟರಲ್ಲಿ ಆರಿಹೋಗುತ್ತದೆ. ಅದಕ್ಕೆ ಹಾರ್ನನ್ನೇ ತಂತಿ ಸಮೇತ ಕೆಳಗಿಳಿಸಿ, ಜೋಡಣೆಗೆ ನೆಲದಲ್ಲೇ ಬೆಸುಗೆ ಹಾಕಿ, ಮತ್ತೆ ಮೇಲೆ ತಂದಿದ್ದೆ. ಕಟ್ಟಿದ ಮೇಲೆ ಕೆಳಗೆ ನೋಡಿದರೆ ಪುರಸಭೆಯ ಗುಮಾಸ್ತರು ಕೊಡೆ ಹಿಡಿದು ನಿಂತಿದ್ದರು.

"ಇಳೀಯಪ್ಪ. ಅಧ್ಯಕ್ಷರು ಕರೀತಾರೆ."

ಹಾರ್ನಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಪುರಸಭೆಯವರು ಪಾರ್ಕಿನಲ್ಲಿ ಒಂದು ರೇಡಿಯೋ ಇಟ್ಟಿದ್ದರು. ಸಾಯಂಕಾಲ ಅದರ ಮುಂದೆ ಜನ ಕೂರುತ್ತಿದ್ದರು. ಅದನ್ನು ಹಚ್ಚುವ, ಆರಿಸುವ ಕೆಲಸ ನನ್ನದು. ಪಾರ್ಕಿಗೆ ಬಂದವರಿಗೆ ಕೇಳುತ್ತಿತ್ತು, ಬಾರದವರಿಗೆ ಇಲ್ಲ. ನಾನು ಅಧ್ಯಕ್ಷರನ್ನು ಪೀಡಿಸಿ ಒಂದು ಆಂಪ್ಲಿಫೈಯರು, ಒಂದು ಮೈಕು, ನಾಲ್ಕು ಹಾರ್ನು ತರಿಸಿದೆ. ಪುರಸಭೆ ಆಫೀಸಿನ ಹಿಂದಿನ ಕೋಣೆಯಲ್ಲಿ ಆಂಪ್ಲಿಫೈಯರು ಇಟ್ಟು, ಅಲ್ಲಿಂದ ತಂತಿ ಎಳೆದು, ಬಸ್ ಸ್ಟ್ಯಾಂಡು, ಸಂತೆ ಮೈದಾನ, ಹೊಳೆಬೀದಿ, ಮತ್ತೆ ಆಫೀಸಿನ ಸೂರಿನ ಮೇಲೆ ಒಂದೊಂದು ಹಾರ್ನು ಕಟ್ಟಿದೆ. ರೇಡಿಯೋದಲ್ಲಿ ಬಂದ ಹಾಡು, ವಾರ್ತೆ ಊರಿಗೆಲ್ಲ ಕೇಳತೊಡಗಿತು.

ಮಧ್ಯದಲ್ಲಿ ನಾನೂ ಮೈಕು ಹಿಡಿದು ಮಾತಾಡತೊಡಗಿದೆ. ಕೇರಳದಿಂದ ಬರುವ ಬಸ್ಸು ತಡ, ಸೇತುವೆ ಹತ್ತಿರ ಗಾಡಿ ಮುರಿದಿದೆ, ಈ ತರಹ. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಊರಿಗೆ ಊರೇ ನನ್ನ ಮಾತು ಕೇಳುತ್ತಿದೆ ಅಂದುಕೊಂಡಿದ್ದೆ.

ಅಧ್ಯಕ್ಷರ ಮುಂದೆ ಹೋಗಿ ನಿಂತೆ. ಅವರು ತಂಬಾಕಿನ ಮಂಡಿ ನಡೆಸುವವರು. ಮಾತು ಕಡಿಮೆ.

"ಕೋಟೆ ತಾಲ್ಲೂಕ್ನ ಅಳ್ಳಿಗಳಲ್ಲಿ ವಾಂತಿಭೇದಿ ಸುರುವಾಗದೆ. ಶನಿವಾರ ನಮ್ಮಾಸ್ಪತ್ರೇಲಿ ಸೂಜಿಮದ್ದು ಆಕ್ತಾರೆ. ಈ ಸಲ ತಮಟೆ ಬ್ಯಾಡ. ಹಾರ್ನಲ್ಲೇ ಹೇಳು."

"ಆಗ್ಲಿ ಸ್ವಾಮಿ."

"ಪೂರ್ತಿ ಕೇಳು. ಜನ ಬಂದ್ರೆ, ಇನ್ಮ್ಯಾಲೆ ಸಾರೋ ಕೆಲ್ಸ ಎಲ್ಲಾ ಹಾರ್ನಿಂದು. ತಮಟೆ ನಿಲ್ಲಿಸ್ಬುಡಣ. ಬರ್ನಿಲ್ಲ ಅಂದ್ರೆ ಹಾರ್ನ್ ಇಳಿಸಿ ಉಗ್ರಾಣಕ್ಕಾಕು. ಸುಮ್ನೆ ಕರೆಂಟು ಸುಡಕ್ಕೆ ನಾನು ತಯಾರಿಲ್ಲ."

ಆ ಮಾತು ಆಡುವಾಗ ಸಾರುವವನು ಆಫೀಸಿನ ಮೆಟ್ಟಿಲ ಕೆಳಗೇ ನಿಂತಿದ್ದ. ನಮ್ಮ ಊರಿನಲ್ಲಿ ಕಂದಾಯ, ಹರಾಜು, ಕಳೆದುಹೋದ ದನ, ಏನೇ ಇದ್ದರೂ ತಮಟೆ ಬಡಿದು ಬೀದಿ ಬೀದಿಗೆ ಹೇಳುವವನು ಅವನು. ಅವನಪ್ಪನೂ ಅದೇ ಮಾಡುತ್ತಿದ್ದ. ಸುಗ್ಗಿಯಲ್ಲಿ ಮನೆಮನೆಯವರು ಮೊರದಲ್ಲಿ ರಾಗಿ ಕೊಡುತ್ತಾರೆ, ಅವನ ಮನೆ ಅದರಲ್ಲಿ ನಡೆಯುತ್ತದೆ. ವಯಸ್ಸಿನಲ್ಲಿ ಅವನು ನನ್ನಪ್ಪನಿಗಿಂತ ದೊಡ್ಡವನು. ಆಫೀಸಿನ ಒಳಗೆ ಬರುತ್ತಿರಲಿಲ್ಲ. ಬರಬಹುದು ಅಂತ ಕಾನೂನು ಇತ್ತು, ಆದರೆ ಬರುತ್ತಿರಲಿಲ್ಲ, ಯಾರೂ ಬಾ ಅನ್ನುತ್ತಲೂ ಇರಲಿಲ್ಲ. ಹೇಳಬೇಕಾದದ್ದನ್ನು ಗುಮಾಸ್ತರು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು, ಅವನು ಕೆಳಗೆ ನಿಂತು ಕೇಳಿಸಿಕೊಂಡು ಹೋಗುತ್ತಿದ್ದ.

ನಾನು ಇಳಿದು ಹೋಗುವಾಗ ಅವನು ಅಂದದ್ದು ಇಷ್ಟೇ.

"ಚೆನ್ನಾಗಿ ಯೋಳಿ ಬುದ್ಧಿ. ಜನ ಬರ್ಲಿ."

ಕೆಟ್ಟ ಮಾತಲ್ಲ. ಆದರೆ ಅವನು ನನ್ನ ಮುಖ ನೋಡಲಿಲ್ಲ.

ಗುಮಾಸ್ತರು ಬರೆದುಕೊಟ್ಟರು. "ಸಮಸ್ತ ನಾಗರಿಕ ಬಂಧುಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ" ಅಂತ ಶುರು. ನಾನು ಅಕ್ಷರ ಕೂಡಿಸಿಕೊಂಡು ಓದುವವನು, ಅದಕ್ಕೆ ಬಾಯಿಪಾಠ ಮಾಡಿದೆ. ರೇಡಿಯೋ ಸ್ಟೇಷನ್ನಿನಲ್ಲಿ ವಾರ್ತೆ ಓದುವವರು ಹೇಗೆ ಗಂಟಲು ಸರಿ ಮಾಡಿಕೊಂಡು ನಿಧಾನ ಓದುತ್ತಾರೋ ಹಾಗೇ ಹೇಳಿದೆ. ಗುರುವಾರ, ಶುಕ್ರವಾರ ಬೆಳಿಗ್ಗೆ ಸಾಯಂಕಾಲ ಹೇಳಿದೆ. ಹೊಳೆಬೀದಿಗೆ ನಡೆದುಹೋಗಿ ಹಾರ್ನಿನ ಬಾಯಿ ಸರಿಯಾದ ಕಡೆ ತಿರುಗಿದೆಯೋ ಇಲ್ಲವೋ ನೋಡಿದೆ. ಎಲ್ಲ ಸರಿ ಇತ್ತು.

ಶನಿವಾರ ಆಸ್ಪತ್ರೆಗೆ ಹೋದೆ. ಡಾಕ್ಟರು ಸೂಜಿ ಕುದಿಸಿ, ಹತ್ತಿ ಜೋಡಿಸಿ ಕೂತಿದ್ದರು. ಎದುರಿಗಿದ್ದದ್ದು ಮೇಷ್ಟರ ಸಂಸಾರ, ಪೋಸ್ಟಾಫೀಸಿನವರು, ಮತ್ತೆ ಕಾಲು ಹುಣ್ಣಿಗೆ ಮುಲಾಮು ಕೇಳಲು ಬಂದ ಒಬ್ಬ ಗಾಡಿಯವನು. ಮಧ್ಯಾಹ್ನದವರೆಗೂ ಅಷ್ಟೇ. ಡಾಕ್ಟರು ಸ್ಟವ್ ಆರಿಸಿದರು.

"ನೀನು ನಿಜವಾಗ್ಲೂ ಹೇಳಿದ್ಯೇನಪ್ಪ?" ಅಂದರು.

ಅಧ್ಯಕ್ಷರು ಬಯ್ಯಲಿಲ್ಲ. "ಮದ್ದು ಉಳ್ಕಂಡದೆ. ಬುಧವಾರ ಇನ್ನೊಂದ್ ಸಲ ಆಕ್ತಾರೆ. ಅದೇ ಕೊನೆ" ಅಂದರು. ಅದು ಬೈಗುಳಕ್ಕಿಂತ ಜಾಸ್ತಿ.

ಯಾಕೆ ಬರಲಿಲ್ಲ ಅಂತ ಊರಲ್ಲಿ ಕೇಳುತ್ತಾ ಹೋದೆ. ಹೋಟೆಲಿನಲ್ಲಿ ಕೇಳಿದರೆ ಹಾಡು ಕೇಳಿದೆವು ಅಂದರು. ಹೊಳೆಬೀದಿ ತುದಿಮನೆಯಲ್ಲಿ ಒಬ್ಬಳು ಮುದುಕಿ, ಒಂದು ಎಮ್ಮೆ ಇಟ್ಟುಕೊಂಡು ಹಾಲು ಮಾರುವವಳು. ಹಾರ್ನು ಅವಳ ಮನೆ ಎದುರಿಗೇ ಇದೆ. ಅವಳಿಗೆ ಕೇಳಿಸದೆ ಇರಲು ಸಾಧ್ಯವೇ ಇಲ್ಲ.

"ಕೇಳ್ತು ಕಣ್ಲಾ. ಯಾರೋ ಸೂಜಿಮದ್ದು ಅಂದ್ರು."

"ಮತ್ತೆ ಯಾಕ್ ಬರ್ನಿಲ್ಲ?"

"ಮೈಸೂರ್ಗೋಗಿ ಸೂಜಿ ಚುಚ್ಚುಸ್ಕಳಕ್ಕೆ ನಂಗೇನು ಹುಚ್ಚಾ? ಎಮ್ಮೆ ಬ್ಯಾರೆ ಕಳ್ದೋಗದೆ."

"ಮೈಸೂರಲ್ಲ ಅವ್ವ, ಹುಣಸೂರು! ಯೋಳಿದ್ದು ನಾನು!"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನಾ? ನೀನ್ಯಾಕ್ಲಾ ಅಂಗ್ ಮಾತಾಡೀಯೆ? ಅದು ಯಾರೋ ದೊಡ್ಡೋರು. ರೇಡಿಯೋ ಅಂದ್ರೆ ಮೈಸೂರಿಂದಲ್ವಾ ಬರಾದು. ನಮ್ಮೂರ ಮಾತಾದ್ರೆ ತಮಟೆ ಬತ್ತದೆ."

ಇನ್ನೂ ನಾಲ್ಕು ಮನೆಯಲ್ಲಿ ಕೇಳಿದೆ. ಎಲ್ಲರದೂ ಅದೇ. ತಂತಿಯಲ್ಲಿ ಬಂದದ್ದೆಲ್ಲ ದೂರದ್ದು. ಊರಿನದು ಅಂದರೆ ಮೊದಲು ತಮಟೆ ಆಗಬೇಕು, ಆಮೇಲೆ ಮಾತು. ಕಿಲುಬು ಹಿಡಿದಿದ್ದರೆ ಕೆರೆದು ಬೆಸುಗೆ ಹಾಕಬಹುದಿತ್ತು. ಇದಕ್ಕೆ ಏನು ಮಾಡುವುದೋ ತಿಳಿಯಲಿಲ್ಲ.

ಅಷ್ಟರಲ್ಲಿ ಸಾರುವವನೇ ಆ ಬೀದಿಗೆ ಬಂದ. ಮುದುಕಿಯ ಎಮ್ಮೆ ಕಳೆದದ್ದನ್ನು ಸಾರಲು. ನಾನು ಕೆಲಸವಿಲ್ಲದವನ ಹಾಗೆ ಅವನ ಹಿಂದೆ ಹೋದೆ. ಬೀದಿ ಕೂಡುವ ಕಡೆ ನಿಂತು ತಮಟೆ ಬಡಿದ. ಬಾಗಿಲುಗಳು ತೆರೆದವು. ಎಮ್ಮೆಯ ಗುರುತು ಹೇಳಿದ. ಆಮೇಲೆ ಹೊರಡಲಿಲ್ಲ, ತಮಟೆಯನ್ನು ಸೊಂಟಕ್ಕೆ ಒರಗಿಸಿಕೊಂಡು ಸುಮ್ಮನೆ ನಿಂತ. ಜನ ಕೇಳತೊಡಗಿದರು. ಗಬ್ಬದ ಎಮ್ಮೆಯಾ? ಹಗ್ಗ ಕಿತ್ಕಂಡಿತ್ತಾ? ಯಾವ ಕಡೆ ಹೋಯ್ತು? ಅವನು ಒಬ್ಬೊಬ್ಬರಿಗೂ ಉತ್ತರ ಹೇಳಿದ. ಕೇಳುವವರು ಮುಗಿದ ಮೇಲೆ ಮುಂದಿನ ಬೀದಿಗೆ ನಡೆದ. ಅಲ್ಲೂ ಹಾಗೇ.

ನನ್ನ ಹಾರ್ನು ಹೇಳುತ್ತಿತ್ತು, ಆರುತ್ತಿತ್ತು. ಕೇಳುವವರಿಗಾಗಿ ನಿಲ್ಲುತ್ತಿರಲಿಲ್ಲ.

ಸೇತುವೆ ಹತ್ತಿರ ಅವನನ್ನು ಹಿಡಿದೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಮಂಗಳವಾರ ಆಫೀಸ್ ತಾವ ಬಾ. ಮೈಕಿನ ಮುಂದೆ ತಮಟೆ ಬಡಿ. ನೀನೇ ಸಾರು."

ಅವನು ನಕ್ಕ. "ಬುದ್ಧಿ, ಬುಧವಾರ ಜನ ಬರ್ನಿಲ್ಲ ಅಂದ್ರೆ ನಿಮ್ಮ ಹಾರ್ನು ಉಗ್ರಾಣಕ್ಕೆ. ನನ್ನ ತಮಟೆ ನನಗೆ. ಜನ ಬಂದ್ರೆ ನನ್ನ ತಮಟೆ ಗೂಟಕ್ಕೆ. ನಾನೇ ಬಂದು ನಿಮ್ಮ ಹಾರ್ನು ಗೆಲ್ಲುಸ್ಬೇಕಾ?"

ನ್ಯಾಯವಾದ ಮಾತು. ಸೇತುವೆಯ ಕಟ್ಟೆ ಮೇಲೆ ಕೂತೆ. ಅವನು ನಿಂತೇ ಇದ್ದ. ಕೆಳಗೆ ಲಕ್ಷ್ಮಣತೀರ್ಥ ಕೆಂಪಗೆ ಹರಿಯುತ್ತಿತ್ತು. ಅವನ ಕೇರಿಯ ಹೆಂಗಸರು ಅದೇ ನೀರನ್ನು ಕೊಡದಲ್ಲಿ ತುಂಬಿಕೊಳ್ಳುತ್ತಿದ್ದರು. ಅವನೂ ಅದನ್ನೇ ನೋಡುತ್ತಿದ್ದ.

"ಆ ರೋಗ ಬಂದ್ರೆ ಮೊದ್ಲು ನಮ್ಮ ಕೇರಿಗೇ ಬರಾದು" ಅಂದ. ನನಗೆ ಹೇಳಿದ್ದಲ್ಲ.

ಆಗ ನಾನು ಅಂದೆ. "ತಮಟೆ ಇಲ್ದೆ ನಾನು ಹಾರ್ನ್ ಹಚ್ಚಾಕಿಲ್ಲ ಅಂತ ಅಧ್ಯಕ್ಷರಿಗೆ ಯೋಳ್ತೀನಿ. ಸಾರೋ ಕೆಲ್ಸ ನಿಂದೇ ಇರ್ಲಿ. ಬೀದೀಲಿ ಬೇಕಾದ್ರೆ ಬೀದೀಲಿ, ಮೈಕಲ್ಲಿ ಬೇಕಾದ್ರೆ ಮೈಕಲ್ಲಿ."

"ಅವ್ರು ಆಗಾಕಿಲ್ಲ ಅಂದ್ರೆ?"

"ಅವ್ರೇ ಮರ ಅತ್ಲಿ."

ಅವನು ಗಟ್ಟಿಯಾಗಿ ನಕ್ಕ. ಅಧ್ಯಕ್ಷರ ಹೊಟ್ಟೆ ನೋಡಿದವರಿಗೆ ಅದು ನಗು ಬರುವ ಮಾತೇ.

ಅಧ್ಯಕ್ಷರಿಗೆ ಅದನ್ನೇ ಹೇಳಿದೆ, ಮರದ ಮಾತು ಬಿಟ್ಟು. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ನಿನ್ನ ಕೆಲ್ಸಕ್ಕೆ ನೀನೇ ಕಲ್ಲಾಕ್ಕತಾ ಇದ್ದೀಯ. ಸರಿ. ಬುಧವಾರ ಆಗ್ಲಿ" ಅಂದರು.

ಮಂಗಳವಾರ ಸಾಯಂಕಾಲ ಅವನು ಬಂದ. ಮೆಟ್ಟಿಲ ಕೆಳಗೆ ನಿಂತ. ನಾನು ಮೈಕಿನ ತಂತಿಯನ್ನು ಕಿಟಕಿಯಿಂದ ಹೊರಗೆ ತೆಗೆದು, ಮೈಕನ್ನು ಜಗಲಿಯ ಅಂಚಿನಲ್ಲಿ ಸ್ಟೂಲಿನ ಮೇಲೆ ಇಟ್ಟೆ. ಮೊದಲು ಪರೀಕ್ಷೆ. ಅವನು ತಮಟೆಗೆ ಒಂದು ಏಟು ಹಾಕಿದ. ಹಾರ್ನಿನಲ್ಲಿ ತಮಟೆ ಬರಲಿಲ್ಲ, ತಗಡಿನ ಡಬ್ಬ ಹರಿದ ಶಬ್ದ ಬಂತು. ಮೈಕಿಗೆ ಅಷ್ಟು ಏಟು ತಡೆಯಲಾಗುವುದಿಲ್ಲ. ಮೈಕಿಗೆ ನನ್ನ ಟವೆಲ್ಲು ಸುತ್ತಿದೆ, ಅವನನ್ನು ನಾಲ್ಕು ಮಾರು ಹಿಂದಕ್ಕೆ ನಿಲ್ಲಿಸಿದೆ. ತಮಟೆ ಸರಿಯಾಯಿತು, ಮಾತು ಕೇಳಲಿಲ್ಲ. ಮಾತಿಗೆ ಶಬ್ದ ಏರಿಸಿದರೆ ಸೂರಿನ ಮೇಲಿನ ಹಾರ್ನಿನ ಸದ್ದನ್ನೇ ಮೈಕು ಹಿಡಿದುಕೊಂಡು ಕೀಂ ಅಂತ ಕಿರುಚಿತು. ಆಫೀಸಿನ ಮುಂದೆ ಮಲಗಿದ್ದ ನಾಯಿ ಎದ್ದು ಓಡಿತು. ಸೂರಿನ ಹಾರ್ನಿನ ತಂತಿಯನ್ನು ಕಿತ್ತುಹಾಕಿದೆ. ತಮಟೆಗೆ ದೂರ ನಿಲ್ಲುವುದು, ಮಾತಿಗೆ ಹತ್ತಿರ ಬರುವುದು, ಹತ್ತಿರ ಬಂದಾಗ ನಾನು ಟವೆಲ್ಲು ತೆಗೆಯುವುದು ಅಂತ ಗೊತ್ತು ಮಾಡಿಕೊಂಡೆವು.

ಅಷ್ಟು ಹೊತ್ತಿಗೆ ಮಳೆ ಬಂತು.

ಜೋರು ಮಳೆಯಲ್ಲ, ಆದರೆ ಗಾಳಿ ಇತ್ತು. ಜಗಲಿ ಒದ್ದೆಯಾಯಿತು. ಮೈಕನ್ನು ಕಿಟಕಿಯಿಂದ ಒಳಕ್ಕೆ ಎಳೆದುಕೊಂಡೆ. ಅವನು ಸೂರಿನ ಕೆಳಗೆ ಗೋಡೆಗೆ ಅಂಟಿ ನಿಂತು ತಮಟೆಯನ್ನು ಒಮ್ಮೆ ತಟ್ಟಿದ. ದಬ್ ಅಂತು. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ. ಮಳೆಗಾಲದಲ್ಲಿ ಚರ್ಮ ಸಡಿಲವಾಗುತ್ತದೆ. ಹುಲ್ಲು ಉರಿಸಿ ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ. ಅವನು ತಂದಿದ್ದ ಹುಲ್ಲು ನೆನೆದುಹೋಗಿತ್ತು.

"ಕಾಯುಸ್ದೆ ನುಡಿಯಾಕಿಲ್ಲ ಬುದ್ಧಿ" ಅಂದ.

ತಮಟೆ ಇಲ್ಲದೆ ಸಾರಿದರೆ ಮತ್ತೆ ಮೈಸೂರಿನ ಮಾತಾಗುತ್ತದೆ. ಮಳೆ ನಿಲ್ಲಲಿ ಅಂತ ಕೂತರೆ ಕತ್ತಲಾಗಿ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಸುತ್ತ ನೋಡಿದೆ. ಆಂಪ್ಲಿಫೈಯರು ಹಚ್ಚಿ ಬಹಳ ಹೊತ್ತಾಗಿತ್ತು. ಅದರ ಒಳಗಿನ ವಾಲ್ವುಗಳು ಕೆಂಪಗೆ ಉರಿಯುತ್ತಿರುತ್ತವೆ, ಮೇಲಿನ ಜಾಲರಿ ತಗಡು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಚಳಿಯಲ್ಲಿ ನಾನು ಅದರ ಮೇಲೆ ಕೈ ಕಾಯಿಸಿಕೊಳ್ಳುವುದುಂಟು. ಆದರೆ ಅದನ್ನು ಮಳೆಗೆ ತರಲಾಗುವುದಿಲ್ಲ.

ಕಿಟಕಿಯಲ್ಲಿ ಕರೆದೆ. "ತಮಟೆ ತಗಂಡು ಒಳಕ್ ಬಾ. ಇದ್ರ ಮ್ಯಾಲೆ ಕಾಯ್ಸು."

"ತಮಟೆ ಈಸ್ಕಳಿ, ನೀವೇ ಕಾಯ್ಸಿ."

"ನಂಗೆ ಅದ್ರ ಹದ ಗೊತ್ತಾಗಾಕಿಲ್ಲ, ಸುಟ್ಟಾಕ್ತೀನಿ. ಬಾ ಒಳಕ್ಕೆ."

ಅವನು ಬಾಗಿಲವರೆಗೆ ಬಂದ. ಅಲ್ಲೇ ನಿಂತ. ಒಳಗೆ ಗುಮಾಸ್ತರು ಮೇಜಿನ ಹಿಂದೆ ಕೂತಿದ್ದರು. ಅವನು ಅವರನ್ನು ನೋಡಿದ, ನಾನೂ ನೋಡಿದೆ. ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು.

"ಅಧ್ಯಕ್ಷರು ಕೇಳಿದ್ರೆ ನಾನೇನಪ್ಪ ಹೇಳ್ಲಿ?"

"ಮಳೆ ಬಂದಿತ್ತು ಅನ್ನಿ."

ಅವರು ಕನ್ನಡಕ ಹಾಕಿಕೊಂಡರು. ಆಮೇಲೆ ಕೊಡೆ ತೆಗೆದುಕೊಂಡು "ನಾನು ಕಾಫಿಗೆ ಹೋಗ್ತೀನಿ" ಅಂದು ಮಳೆಯಲ್ಲೇ ಹೊರಟರು. ಬಾಗಿಲಲ್ಲಿ ಅವನು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟ. ಅವರು ಹೋದ ಮೇಲೆ ತಲೆಯ ಮೇಲಿನ ಗೋಣಿ ತೆಗೆದು, ಕಾಲು ಒರೆಸಿ, ಹೊಸ್ತಿಲು ದಾಟಿದ.

ತಮಟೆಯನ್ನು ಆಂಪ್ಲಿಫೈಯರಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದ. ಆಗಾಗ ಬೆರಳಲ್ಲಿ ತಟ್ಟಿದ. ಒದ್ದೆ ಚರ್ಮದ ವಾಸನೆಯೂ ಕಾದ ವಾರ್ನಿಷ್ ವಾಸನೆಯೂ ಕೋಣೆ ತುಂಬಿತು. ದಬ್ ಅನ್ನುತ್ತಿದ್ದದ್ದು ಠಣ್ ಅಂದಿತು.

"ಇದು ವಸಿ ಒಳ್ಳೇ ಒಲೆ ಕಣ್ ಬುದ್ಧಿ" ಅಂದ.

ಮೂಲೆಯಲ್ಲಿ ನಿಂತು ಬಡಿದ. ಮೂರು ಹಾರ್ನಿನಲ್ಲೂ ತಮಟೆ ಹೋಯಿತು, ಕಿಟಕಿಯಿಂದ ನನಗೇ ಕೇಳುತ್ತಿತ್ತು. ಆಮೇಲೆ ಮೈಕಿನ ಹತ್ತಿರ ಬಂದ. ನಾನು ಟವೆಲ್ಲು ತೆಗೆದೆ. ಗುಮಾಸ್ತರ ಚೀಟಿ ಅವನ ಮುಂದೆ ಇರಲಿಲ್ಲ, ಇದ್ದರೂ ಅವನಿಗೆ ಓದು ಬಾರದು.

"ಕೇಳ್ರಪ್ಪೋ ಕೇಳಿ! ನಾಳೆ ಬುಧವಾರ, ನಮ್ಮ ಹುಣಸೂರು ಆಸ್ಪತ್ರೇಲಿ ವಾಂತಿಭೇದಿಗೆ ಸೂಜಿಮದ್ದು ಆಕ್ತಾರೆ. ಎಣ್ಣೈಕ್ಳು ಗಂಡೈಕ್ಳು, ಚಿಕ್ಕೋರು ದೊಡ್ಡೋರು ಎಲ್ಲಾ ಬನ್ನಿ."

ಅಷ್ಟು ಹೇಳಿ ನಿಂತುಬಿಟ್ಟ. ನಾನು ಮುಂದುವರಿಸು ಅಂತ ಕೈ ಮಾಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ತಮಟೆ ಸೊಂಟಕ್ಕೆ ಒರಗಿಸಿಕೊಂಡು, ತಲೆ ಒಂದು ಕಡೆ ವಾಲಿಸಿ, ಬೀದಿಯಲ್ಲಿ ನಿಲ್ಲುವ ಹಾಗೇ ನಿಂತಿದ್ದ. ಜನ ಕೇಳಲಿ ಅಂತ ಕಾಯುತ್ತಿದ್ದ. ಹಾರ್ನಿನಲ್ಲಿ ಬರೀ ಗುಂಯ್ ಅನ್ನುತ್ತಿತ್ತು. ಕೆಲಸ ಕೆಟ್ಟಿತು, ಆರಿಸಿಬಿಡೋಣ ಅಂತ ಸ್ವಿಚ್ಚಿನ ಮೇಲೆ ಕೈ ಇಟ್ಟೆ.

ಆಗ ಅವನು ಬಾಯಿ ಬಿಟ್ಟ.

"ಯಾವ ಆಸ್ಪತ್ರೆನಾ? ನಮ್ದೇ ಕಣ್ರಪ್ಪ, ಮೈಸೂರ್ದಲ್ಲ. ಹೊತ್ತುಟ್ಟುತ್ಲೂ ಬನ್ನಿ. ನೋಯ್ತದಾ ಅಂತೀರಾ? ನೋಯ್ತದೆ. ಸುಳ್ಯಾಕೆ ಯೋಳ್ಲಿ. ಒಂದಿನ ತೋಳು ಎತ್ತಕ್ಕಾಗಾಕಿಲ್ಲ, ಮಾರ್ನೇ ದಿನ ಗುದ್ಲಿ ಇಡಿಬೋದು. ಮಂಡಿ ಯಜಮಾನ್ರೇ, ನಿಮ್ ಆಳುಗಳ್ನ ಒಂದೊತ್ತು ಬುಟ್ಬುಡಿ, ತಂಬಾಕು ಎಲ್ಗೂ ಓಡೋಗಾಕಿಲ್ಲ. ಸಾಬ್ರೇ, ನಿಮ್ಮ ಹೆಣ್ಮಕ್ಕಳ್ಗೆ ಒಳಗ್ ಬ್ಯಾರೆ ಕೋಣೆ ಅದೆಯಂತೆ, ಡಾಕುಟ್ರ ಹೆಂಡ್ತೀನೇ ಕುಂತಿರ್ತಾರೆ. ಹೊಳೆಬೀದಿ ತುದಿಮನೆ ಅವ್ವೋ, ನೀನು ಏನ್ ಕೇಳ್ತೀಯ ನಂಗೊತ್ತು. ನಿನ್ನ ಎಮ್ಮೆ ಇನ್ನೂ ಸಿಕ್ಕಿಲ್ಲ. ಬಲಗೊಂಬು ಮುರ್ದಿರೋ ಎಮ್ಮೆ, ಯಾರಾದ್ರೂ ನೋಡಿದ್ರೆ ಯೋಳ್ರಪ್ಪ. ನೀನು ಸೂಜಿ ಆಕುಸ್ಕಂಡು ಹುಡ್ಕೀವಂತೆ ಬಾ."

ಬಸ್ ಸ್ಟ್ಯಾಂಡಿನ ಕಡೆಯಿಂದ ಗುಂಪಾಗಿ ನಗುವ ಶಬ್ದ ಮಳೆಯಲ್ಲೂ ಕೇಳಿತು. ಅವನಿಗೂ ಕೇಳಿತು. ನಕ್ಕದ್ದೇ ಉತ್ತರ ಅನ್ನುವ ಹಾಗೆ ತಲೆಯಾಡಿಸಿ, ಮೂಲೆಗೆ ಹೋಗಿ ಮತ್ತೆ ತಮಟೆ ಬಡಿದ. ನಾನು ಸ್ವಿಚ್ಚಿನಿಂದ ಕೈ ತೆಗೆದೆ.

ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಹೋಟೆಲಿನಿಂದ ಇನ್ನೊಂದು ಸ್ಟವ್ ತಂದು ಸೂಜಿ ಕುದಿಸಿದರು. ಕೇರಿಯವರು ಒಟ್ಟಿಗೆ ಬಂದರು. ಮಂಡಿಯ ಆಳುಗಳು ಬಂದರು. ಡಾಕ್ಟರು ನನ್ನನ್ನು ಕರೆದು, "ನೋಯುತ್ತೆ ಅಂತ ಯಾಕಯ್ಯಾ ಹೇಳಿಸಿದೆ?" ಅಂತ ಗದರಿದರು. ಸಾಲಿನಲ್ಲಿದ್ದ ಒಬ್ಬ ಗಾಡಿಯವನು, "ನೋಯ್ತದೆ ಅಂತ ನಿಜ ಯೋಳುದ್ನಲ್ಲ ಸ್ವಾಮಿ, ಅದ್ಕೇ ಬಂದ್ವಿ" ಅಂದ. ಡಾಕ್ಟರು ಮುಂದಿನವನ ತೋಳು ಹಿಡಿದರು.

ಮುದುಕಿ ತೋಳು ಹಿಡಿದುಕೊಂಡು ಈಚೆ ಬಂದವಳು ನೇರ ಸಾರುವವನ ಹತ್ತಿರ ಹೋದಳು.

"ಏನ್ಲಾ, ಊರ್ಗೆಲ್ಲಾ ನನ್ ಎಮ್ಮೆ ಕೊಂಬು ಮುರ್ದದೆ ಅಂತ ಸಾರ್ತೀಯ? ನಾಳೆ ಮಾರಕ್ಕೋದ್ರೆ ಯಾರ್ ಕೊಂಡ್ಕತಾರೆ?"

"ಮೊದ್ಲು ಸಿಗ್ಲಿ ಕಣವ್ವ."

ಎಮ್ಮೆ ಸಿಕ್ಕಿತು. ಮಂಗಳವಾರ ಬಸ್ ಸ್ಟ್ಯಾಂಡಿನಲ್ಲಿ ಮಳೆಗೆ ನಿಂತಿದ್ದ ಬಿಳಿಕೆರೆ ಊರಿನವನೊಬ್ಬ, ಹಾರ್ನು ಕೇಳಿಸಿಕೊಂಡು ಹೋಗಿ, ತಮ್ಮೂರ ದೊಡ್ಡಿಯಲ್ಲಿ ನೋಡಿ ಹೇಳಿಕಳಿಸಿದ.

ಅಧ್ಯಕ್ಷರು ಮಧ್ಯಾಹ್ನ ಬಂದು ಸಾಲು ನೋಡಿದರು. ತಾವೂ ತೋಳು ಕೊಟ್ಟರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಸರಿ, ತಮಟೆ ಇರ್ಲಿ. ಹಾರ್ನೂ ಇರ್ಲಿ." ಆಮೇಲೆ ದನಿ ಇಳಿಸಿ, "ಒಳಗ್ ಬಂದಿದ್ನಂತೆ?"

"ಮಳೆ ಬಂದಿತ್ತು."

"ಮಳೆ ನಿಂತ್ಮ್ಯಾಲೆ?"

"ಆಂಪ್ಲಿಫೈಯರ್ ಒಳಗೇ ಇರ್ತದಲ್ಲ ಸ್ವಾಮಿ."

ಅವರು ಎಲೆ ಅಡಿಕೆ ಉಗುಳಿ, ಮಂಡಿ ಕಡೆ ಹೋದರು.

ಈಗ ಬೇಸಿಗೆ. ಚರ್ಮ ತಾನಾಗಿಯೇ ಬಿಗಿಯಾಗಿರುತ್ತದೆ, ಕಾಯಿಸುವುದು ಬೇಕಿಲ್ಲ. ಆದರೂ ಅವನು ಪ್ರತಿ ಸಲ ಹೊಸ್ತಿಲು ದಾಟಿ ಬಂದು ತಮಟೆಯನ್ನು ಆಂಪ್ಲಿಫೈಯರಿನ ಮೇಲೆ ಹಿಡಿದು ಒಂದು ಸುತ್ತು ತಿರುಗಿಸುತ್ತಾನೆ. ಗುಮಾಸ್ತರು ಈಗ ಕಾಫಿಗೆ ಎದ್ದು ಹೋಗುವುದಿಲ್ಲ. ಬೇಕಿಲ್ಲವಲ್ಲ, ಯಾಕೆ ಕಾಯಿಸುತ್ತೀಯ ಅಂತ ನಾನೂ ಕೇಳಿಲ್ಲ. ಹೇಳುವುದು ಇಷ್ಟೇ ಇದ್ದದ್ದು, ಮುಗಿಯಿತು.